ಹಳೆಯ ಲ್ಯಾಪ್‌ಟಾಪಿಗೆ ಹೊಸ ಬಿಡಿಭಾಗ: ಎಲ್ಲಿಯವರೆಗೆ ಲಾಭಕರ?

ಸಣ್ಣ ವ್ಯಾಪಾರಸ್ಥರ ಹಾಗೂ ಕಿರು ಕೈಗಾರಿಕೋದ್ಯಮಿಗಳ ಕಚೇರಿಗಳಲ್ಲಿ ಇಂದು ಲೆಕ್ಕಪತ್ರ, ಸರಕಿನ ದಾಸ್ತಾನು, ಜಿಎಸ್‌ಟಿ ವಿವರಪಟ್ಟಿ, ಇ-ವೇ ಬಿಲ್ಲು, ಬ್ಯಾಂಕ್ ವ್ಯವಹಾರ ಎಲ್ಲವೂ ಗಣಕಯಂತ್ರದ ಮೂಲಕವೇ ನಡೆಯುತ್ತಿವೆ. ಆಯುಧಪೂಜೆಯಂದು ತಕ್ಕಡಿ, ಲೇತ್ ಯಂತ್ರ ಹಾಗೂ ವಾಹನಗಳ ಸಾಲಿನಲ್ಲಿ ಲ್ಯಾಪ್‌ಟಾಪಿಗೂ ಕುಂಕುಮವಿಟ್ಟು ಹೂವೇರಿಸುವುದು ರೂಢಿಯಾಗಿದೆ. ಆದರೆ ಲೇತ್ ಯಂತ್ರದ ಬೇರಿಂಗ್ ಸವೆದಾಗ ಬೇರಿಂಗನ್ನು ಮಾತ್ರ ಬದಲಾಯಿಸುವ ನಾವು, ಲ್ಯಾಪ್‌ಟಾಪ್ ನಿಧಾನವಾದೊಡನೆ ಇಡೀ ಯಂತ್ರವನ್ನೇ ಮೂಲೆಗೆ ತಳ್ಳಿ ಹೊಸದನ್ನು ಕೊಳ್ಳಲು ಹೊರಡುತ್ತೇವೆ. ಇಲ್ಲವೇ ಯಾರದೋ ಮಾತು ಕೇಳಿ, ಅಗತ್ಯವಿಲ್ಲದ ಭಾಗಕ್ಕೆ ಹಣ ಸುರಿಯುತ್ತೇವೆ. ಇವೆರಡೂ ವ್ಯವಹಾರಕ್ಕೆ ತಕ್ಕ ಕ್ರಮಗಳಲ್ಲ.

ಹತ್ತು ಹನ್ನೆರಡು ವರ್ಷ ಹಳೆಯದಾದ ಲ್ಯಾಪ್‌ಟಾಪ್ ಸಹ ಎರಡು ಮೂರು ಬಿಡಿಭಾಗಗಳ ಬದಲಾವಣೆಯಿಂದ ಕಚೇರಿ ಕೆಲಸಕ್ಕೆ ಮತ್ತೆ ಯೋಗ್ಯವಾಗಬಲ್ಲದು. ಹಾಗೆಂದು ಪ್ರತಿಯೊಂದು ಹಳೆಯ ಯಂತ್ರವೂ ಈ ವೆಚ್ಚಕ್ಕೆ ಅರ್ಹವಲ್ಲ. ಯಾವ ಭಾಗವನ್ನು ಮೊದಲು ಬದಲಾಯಿಸಬೇಕು, ಎಲ್ಲಿ ನಿಲ್ಲಬೇಕು, ಈ ಕೆಲಸದಲ್ಲಿ ನಮ್ಮ ಲೆಕ್ಕದ ಪುಸ್ತಕಗಳನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಿಧಾನಕ್ಕೆ ಕಾರಣವನ್ನು ಮೊದಲು ಅರಿಯಿರಿ

ಲ್ಯಾಪ್‌ಟಾಪಿನ ಒಳಗಣ ವ್ಯವಸ್ಥೆಯನ್ನು ಅಂಗಡಿಗೆ ಹೋಲಿಸಬಹುದು. ಡಿಸ್ಕ್ ಎಂಬುದು ಗೋದಾಮು. ಎಲ್ಲ ಸರಕೂ ಅಲ್ಲಿಯೇ ಇರುತ್ತದೆ. ರ‍್ಯಾಮ್ ಎಂದು ಕರೆಯಲ್ಪಡುವ ಮೆಮೊರಿ ಅಂಗಡಿಯ ಮುಂಗಟ್ಟೆ. ಈ ಕ್ಷಣ ಬೇಕಾದುದನ್ನು ಮಾತ್ರ ಅಲ್ಲಿ ತಂದಿಡಲಾಗುತ್ತದೆ. ಪ್ರೊಸೆಸರ್ ಎಂದರೆ ಗಿರಾಕಿಗೆ ಸರಕು ಕಟ್ಟಿಕೊಡುವ ಗುಮಾಸ್ತ. ಮುಂಗಟ್ಟೆ ಕಿರಿದಾಗಿದ್ದರೆ ಗುಮಾಸ್ತ ಪದೇಪದೇ ಗೋದಾಮಿಗೆ ಓಡಬೇಕಾಗುತ್ತದೆ. ಗೋದಾಮು ದೂರದಲ್ಲಿದ್ದರಂತೂ ಗಿರಾಕಿ ಕಾಯುವುದು ತಪ್ಪದು. ಗುಮಾಸ್ತ ಎಷ್ಟೇ ಚುರುಕಾಗಿದ್ದರೂ ಪ್ರಯೋಜನವಿಲ್ಲ.

ತೊಡಕು ಎಲ್ಲಿದೆ ಎಂಬುದನ್ನು ತಿಳಿಯಲು ತಂತ್ರಜ್ಞರೇ ಬೇಕೆಂದಿಲ್ಲ. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ದಿನನಿತ್ಯದ ಕೆಲಸ ನಡೆಯುತ್ತಿರುವಾಗಲೇ ಅದನ್ನು ಅರ್ಧ ಗಂಟೆ ಗಮನಿಸಿ.

1. ಡಿಸ್ಕಿನ ಬಳಕೆ ಬಹುಕಾಲ ಶೇ. 100ರಲ್ಲಿಯೇ ನಿಂತಿದ್ದರೆ ತೊಡಕು ಡಿಸ್ಕಿನಲ್ಲಿದೆ ಎಂದು ತಿಳಿಯಬಹುದು.

2. ಮೆಮೊರಿಯ ಬಳಕೆ ಶೇ. 85–90ನ್ನು ದಾಟಿ ಕೆಳಗಿಳಿಯದಿದ್ದರೆ ಮೆಮೊರಿ ಸಾಲದು. ಹೀಗಾದಾಗ ಮೆಮೊರಿಯಲ್ಲಿ ಹಿಡಿಸದುದನ್ನು ಯಂತ್ರವು ಡಿಸ್ಕಿಗೆ ಸಾಗಿಸುವುದರಿಂದ ಡಿಸ್ಕಿನ ಬಳಕೆಯೂ ಏರುತ್ತದೆ.

3. ಇವೆರಡೂ ಬಿಡುವಾಗಿದ್ದು ಪ್ರೊಸೆಸರ್ ಮಾತ್ರ ಸದಾ ಶೇ. 100ರಲ್ಲಿದ್ದರೆ ಬಿಡಿಭಾಗಗಳ ಬದಲಾವಣೆಯಿಂದ ಹೆಚ್ಚಿನ ಲಾಭವಾಗದು. ಅದಕ್ಕೆ ಮೊದಲು ವೈರಸ್ ಅಥವಾ ಬೇಡದ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಮೊದಲ ಬದಲಾವಣೆ: ಡಿಸ್ಕ್

ಹಳೆಯ ಲ್ಯಾಪ್‌ಟಾಪುಗಳಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ತಿರುಗುತ್ತಿರುತ್ತವೆ. ಓದುವ ಮುಳ್ಳು ಬೇಕಾದ ಸ್ಥಳಕ್ಕೆ ಚಲಿಸಿ ಮಾಹಿತಿಯನ್ನು ಎತ್ತಿಕೊಳ್ಳುತ್ತದೆ. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು ಹಿಡಿಯುತ್ತದೆ. ಮುಳ್ಳು ಚಲಿಸುವ ಸಮಯವೂ ಸೇರಿದರೆ ಚದುರಿದ ಮಾಹಿತಿಯ ಪ್ರತಿಯೊಂದು ತುಣುಕಿಗೆ ಸರಾಸರಿ 15 ಮಿಲಿಸೆಕೆಂಡಿಗೂ ಹೆಚ್ಚು ಕಾಯಬೇಕು. ಅಂದರೆ ಸೆಕೆಂಡಿಗೆ ಅರವತ್ತು ಎಪ್ಪತ್ತು ತುಣುಕುಗಳು ಮಾತ್ರ. ಯಂತ್ರ ಆರಂಭವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಓದಬೇಕಾಗುವುದರಿಂದ, ಬೆಳಿಗ್ಗೆ ಲ್ಯಾಪ್‌ಟಾಪ್ ಚಾಲೂ ಮಾಡಿ ಕಾಫಿ ಕುಡಿದು ಬಂದರೂ ಪರದೆ ಸಿದ್ಧವಾಗಿರುವುದಿಲ್ಲ.

ಎಸ್‌ಎಸ್‌ಡಿ ಎಂದು ಕರೆಯಲಾಗುವ ಸಾಲಿಡ್ ಸ್ಟೇಟ್ ಡ್ರೈವ್‌ನಲ್ಲಿ ತಿರುಗುವ ಭಾಗವೇ ಇಲ್ಲ. ಮಾಹಿತಿಯು ಫ್ಲ್ಯಾಶ್ ಚಿಪ್ಪುಗಳಲ್ಲಿರುವುದರಿಂದ ಒಂದು ತುಣುಕನ್ನು ಎತ್ತಿಕೊಳ್ಳಲು ಸುಮಾರು 0.1 ಮಿಲಿಸೆಕೆಂಡು ಸಾಕು. ಹೀಗಾಗಿ ಮಿಕ್ಕೆಲ್ಲ ಭಾಗಗಳು ಹಾಗೆಯೇ ಇದ್ದರೂ ಯಂತ್ರ ಹೊಸದರಂತೆ ವರ್ತಿಸುತ್ತದೆ. ಒಂದೇ ಒಂದು ಭಾಗಕ್ಕೆ ಹಣ ವೆಚ್ಚ ಮಾಡಲು ಸಾಧ್ಯವಿದ್ದರೆ ಅದು ಡಿಸ್ಕಿಗೇ ಸಲ್ಲಬೇಕು. ತಿರುಗುವ ಭಾಗವಿಲ್ಲದ ಕಾರಣ ಕಾರ್ಖಾನೆಯ ಅದುರುವಿಕೆ, ಪ್ರಯಾಣದ ಕುಲುಕಾಟಗಳನ್ನೂ ಅದು ಚೆನ್ನಾಗಿ ತಾಳಿಕೊಳ್ಳುತ್ತದೆ.

ಎಸ್‌ಎಸ್‌ಡಿಗಳಲ್ಲಿ ಬಗೆಗಳಿರುವುದರಿಂದ ಕೊಳ್ಳುವ ಮುನ್ನ ಯಂತ್ರಕ್ಕೆ ಯಾವುದು ಹೊಂದುತ್ತದೆಂದು ತಿಳಿದಿರಬೇಕು. ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲಿಯೇ ಕೂರುವುದು 2.5 ಅಂಗುಲದ ಸಾಟಾ ಎಸ್‌ಎಸ್‌ಡಿ. ಇದರ ದಪ್ಪ ಸಾಮಾನ್ಯವಾಗಿ 7 ಮಿ.ಮೀ.; 9.5 ಮಿ.ಮೀ. ಜಾಗವಿರುವ ಯಂತ್ರಗಳಲ್ಲಿ ಅಲುಗದಂತೆ ಚಿಕ್ಕ ಚೌಕಟ್ಟು ಬೇಕಾಗುತ್ತದೆ. ಮೂರನೆಯ ಪೀಳಿಗೆಯ ಸಾಟಾ ಸಂಪರ್ಕವಿದ್ದರೆ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ವೇಗ ದೊರೆಯುತ್ತದೆ. ಎರಡನೆಯ ಪೀಳಿಗೆಯದಾದರೆ ಅದರ ಅರ್ಧದಷ್ಟು. ಅರ್ಧ ವೇಗವೆಂದು ನಿರಾಶರಾಗಬೇಕಿಲ್ಲ. ಕಚೇರಿ ಕೆಲಸದಲ್ಲಿ ಅನುಭವಕ್ಕೆ ಬರುವ ಚುರುಕು ತಡವಿಲ್ಲದ ಓದಿನಿಂದ ಬರುವಂಥದು. ತರುವಾಯದ ಯಂತ್ರಗಳಲ್ಲಿ ಎಂ.2 ಎಂಬ ಪಟ್ಟಿಯಾಕಾರದ ಎಸ್‌ಎಸ್‌ಡಿ ಇರುತ್ತದೆ. ನೋಡಲು ಒಂದೇ ತೆರನಾಗಿದ್ದರೂ ಅದರಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಗಳಿವೆ. ಯಂತ್ರ ಒಪ್ಪದ ಬಗೆಯನ್ನು ಕೊಂಡರೆ ಅದು ಕೆಲಸ ಮಾಡುವುದಿಲ್ಲ.

ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದೆಂಬ ಅಂಜಿಕೆ ಕೆಲವರಲ್ಲಿದೆ. ಸ್ಯಾಮ್‌ಸಂಗ್ 870 ಇವೋ 500 ಜಿಬಿ ಎಸ್‌ಎಸ್‌ಡಿಯ ಖಾತರಿಯು 5 ವರ್ಷ ಅಥವಾ 300 ಟೆರಾಬೈಟ್ ಬರಹ, ಇವೆರಡರಲ್ಲಿ ಮೊದಲು ಮುಗಿಯುವುದರವರೆಗೆ ಇರುತ್ತದೆ. ದಿನಕ್ಕೆ 20 ಜಿಬಿ ಬರೆದರೂ 300 ಟೆರಾಬೈಟ್ ತಲುಪಲು 40 ವರ್ಷಗಳು ಬೇಕು. ಆದ್ದರಿಂದ ಬಿಲ್ಲು, ಪತ್ರ, ಲೆಕ್ಕದ ಕೆಲಸದಿಂದ ಅದು ಸವೆಯುವ ಭಯವಿಲ್ಲ. ಎಚ್ಚರ ವಹಿಸಬೇಕಾದುದು ಬೇರೊಂದಕ್ಕೆ. ಎಸ್‌ಎಸ್‌ಡಿ ಕೆಡುವಾಗ ಹಾರ್ಡ್ ಡಿಸ್ಕಿನಂತೆ ಟಕಟಕ ಸದ್ದು ಮಾಡಿ ಮುನ್ಸೂಚನೆ ನೀಡುವುದಿಲ್ಲ, ಒಮ್ಮೆಗೇ ನಿಂತುಬಿಡಬಹುದು. ಹಾಗಾಗಿ ಪ್ರತಿ ತೆಗೆದಿಡುವ ಅಭ್ಯಾಸ ಮೊದಲಿಗಿಂತ ಹೆಚ್ಚು ಅಗತ್ಯ.

ಎರಡನೆಯ ಬದಲಾವಣೆ: ಮೆಮೊರಿ

ಇಂದಿನ ಬ್ರೌಸರುಗಳು ತೆರೆದ ಪ್ರತಿಯೊಂದು ಪುಟಕ್ಕೂ ಹೇರಳ ಮೆಮೊರಿಯನ್ನು ಬಳಸುತ್ತವೆ. ಜಿಎಸ್‌ಟಿ ಪೋರ್ಟಲ್, ಬ್ಯಾಂಕಿನ ಪುಟ, ಮಿಂಚಂಚೆ ಹಾಗೂ ಲೆಕ್ಕಪತ್ರದ ತಂತ್ರಾಂಶವನ್ನು ಒಟ್ಟಿಗೆ ತೆರೆಯುವವರಿಗೆ 4 ಜಿಬಿ ಸಾಲದು, 8 ಜಿಬಿ ಸಾಕು. ಚಿತ್ರ ವಿನ್ಯಾಸ ಅಥವಾ ಯಂತ್ರಭಾಗಗಳ ನಕಾಶೆ ರಚಿಸುವವರಿಗೆ ಮಾತ್ರ 16 ಜಿಬಿ ಉಪಯುಕ್ತ.

ಇಲ್ಲಿ ನೆನಪಿಡಬೇಕಾದ ಸಂಗತಿಗಳು ಮೂರು. ಮೊದಲನೆಯದಾಗಿ, ಮೆಮೊರಿಯ ಪೀಳಿಗೆ ಹೊಂದಬೇಕು. ಡಿಡಿಆರ್3ಕ್ಕೆ 204 ಪಿನ್ನುಗಳು, ಡಿಡಿಆರ್4ಕ್ಕೆ 260 ಪಿನ್ನುಗಳು. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಡಿಡಿಆರ್3ರಲ್ಲಿಯೂ 1.5 ವೋಲ್ಟಿನದು ಮತ್ತು ಡಿಡಿಆರ್3ಎಲ್ ಎಂಬ 1.35 ವೋಲ್ಟಿನದು ಎಂದು ಎರಡಿವೆ. 2013ರ ನಂತರದ ಅನೇಕ ಯಂತ್ರಗಳು 1.35 ವೋಲ್ಟಿನದನ್ನೇ ಕೇಳುತ್ತವೆ. ಹಳೆಯ ಪಟ್ಟಿಯನ್ನು ಬಿಚ್ಚಿ ಅದರ ಮೇಲಿನ ಚೀಟಿಯ ಭಾವಚಿತ್ರ ತೆಗೆದುಕೊಂಡು ಅಂಗಡಿಗೆ ಹೋಗುವುದು ಸುಲಭೋಪಾಯ. ಎರಡನೆಯದಾಗಿ, 32 ಬಿಟ್ ವಿಂಡೋಸ್ ಇದ್ದರೆ ಎಷ್ಟೇ ಮೆಮೊರಿ ಹಾಕಿದರೂ 4 ಜಿಬಿಗಿಂತ ಹೆಚ್ಚಿನದು ವ್ಯರ್ಥ; 64 ಬಿಟ್ ಆವೃತ್ತಿಯನ್ನು ಹೊಸದಾಗಿ ಅಳವಡಿಸಬೇಕು. ಮೂರನೆಯದಾಗಿ, ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಬದಲಾವಣೆಗೆ ಅವಕಾಶವಿಲ್ಲ.

2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿದ್ದನ್ನು ಸದಸ್ಯರು ಗಮನಿಸಿರಬಹುದು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯೇ ಅದಕ್ಕೆ ಮುಖ್ಯ ಕಾರಣವಾಯಿತು. ಹಿಂದೆಂದೋ ಕೇಳಿದ ದರವನ್ನು ನಂಬದೆ, ಕೊಳ್ಳುವ ದಿನದ ದರವನ್ನು ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸುವುದು ಒಳಿತು.

ಬ್ಯಾಟರಿ ಮತ್ತು ಶಾಖ

ಬ್ಯಾಟರಿಯ ಬದಲಾವಣೆ ವೇಗವನ್ನು ಹೆಚ್ಚಿಸದು. ಆದರೆ ಬಿಲ್ಲು ಬರೆಯುತ್ತಿರುವಾಗ ವಿದ್ಯುತ್ ಕಡಿತವಾಗಿ ಯಂತ್ರ ತಟ್ಟನೆ ನಿಂತರೆ ಲೆಕ್ಕದ ಕಡತವೇ ಕೆಡುವ ಸಂಭವವಿದೆ. ಈ ದೃಷ್ಟಿಯಿಂದ ಹತ್ತು ನಿಮಿಷವಾದರೂ ತಾಳುವ ಬ್ಯಾಟರಿ ವ್ಯಾಪಾರಸ್ಥನಿಗೆ ವಿಮೆಯಿದ್ದಂತೆ. ಬ್ಯಾಟರಿ ಉಬ್ಬಿ ಕೀಲಿಮಣೆ ಅಥವಾ ತಳಭಾಗ ಮೇಲೆದ್ದಿದ್ದರೆ ಯಂತ್ರವನ್ನು ಒಡನೆಯೇ ನಿಲ್ಲಿಸಬೇಕು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತುವುದಾಗಲಿ, ಚುಚ್ಚುವುದಾಗಲಿ, ಕಸದ ಬುಟ್ಟಿಗೆ ಎಸೆಯುವುದಾಗಲಿ ಬೆಂಕಿಗೆ ಆಹ್ವಾನ ನೀಡಿದಂತೆ.

ಗಿರಣಿ, ಮರಗೆಲಸ, ಜವಳಿ ಅಂಗಡಿಗಳಲ್ಲಿನ ಲ್ಯಾಪ್‌ಟಾಪಿನ ಫ್ಯಾನಿನಲ್ಲಿ ಧೂಳು, ನೂಲಿನ ಎಳೆಗಳು ತುಂಬಿಕೊಳ್ಳುತ್ತವೆ. ಶಾಖ ಹೊರಹೋಗದಿದ್ದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗವನ್ನು ಇಳಿಸಿಕೊಳ್ಳುತ್ತದೆ. ಡಿಸ್ಕ್ ಬದಲಾಯಿಸಲು ಯಂತ್ರವನ್ನು ತೆರೆದಾಗ ಫ್ಯಾನನ್ನು ಶುಚಿಗೊಳಿಸಿ, ಪ್ರೊಸೆಸರಿನ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿಸಿಕೊಂಡರೆ ಅಲ್ಪ ವೆಚ್ಚದಲ್ಲಿ ಉತ್ತಮ ಫಲ ದೊರೆಯುತ್ತದೆ.

ಒಂದು ನಿದರ್ಶನ

ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳ ಮೂಲಕ ಸಣ್ಣ ಊರುಗಳ ಕಚೇರಿಗಳನ್ನು ಸೇರುತ್ತಲೇ ಇವೆ. ಆ ವರ್ಗದ ಯಂತ್ರಗಳಲ್ಲಿ 2012ರಲ್ಲಿ ಬಿಡುಗಡೆಯಾದ ಥಿಂಕ್‌ಪ್ಯಾಡ್ ಟಿ430 ಒಂದು. ಅದನ್ನೇ ಉದಾಹರಣೆಯಾಗಿ ನೋಡೋಣ.

ಈ ಯಂತ್ರದಲ್ಲಿ ಇಂಟೆಲ್‌ನ ಮೂರನೆಯ ಪೀಳಿಗೆಯ ಪ್ರೊಸೆಸರ್ ಇದೆ. ಹಾರ್ಡ್ ಡಿಸ್ಕ್ ಒಂದು ಸಣ್ಣ ಮುಚ್ಚಳದ ಹಿಂದಿದ್ದು ಸ್ಕ್ರೂ ಬಿಚ್ಚಿ ಹೊರಗೆಳೆಯುವಂತಿದೆ. ಆ ಮುಖ್ಯ ಜಾಗದ ಸಂಪರ್ಕ ಮೂರನೆಯ ಪೀಳಿಗೆಯ ಸಾಟಾ ಆದುದರಿಂದ ಎಸ್‌ಎಸ್‌ಡಿ ಪೂರ್ಣ ವೇಗದಲ್ಲಿ ಓಡುತ್ತದೆ. ಮೆಮೊರಿಗೆ ಎರಡು ಸ್ಥಾನಗಳಿದ್ದು 16 ಜಿಬಿಯವರೆಗೆ ಏರಿಸಬಹುದು. ಡಿವಿಡಿ ಡ್ರೈವ್ ಇರುವ ಜಾಗಕ್ಕೆ ಚೌಕಟ್ಟಿನ ಸಹಾಯದಿಂದ ಎರಡನೆಯ ಡಿಸ್ಕನ್ನು ಕೂರಿಸಲು ಸಾಧ್ಯ. ಅಲ್ಲಿನ ಸಂಪರ್ಕ ಎರಡನೆಯ ಪೀಳಿಗೆಯದಾದುದರಿಂದ ಎಸ್‌ಎಸ್‌ಡಿ ಮುಖ್ಯ ಜಾಗದಲ್ಲಿಯೂ ಹಳೆಯ ಹಾರ್ಡ್ ಡಿಸ್ಕ್ ಈ ಜಾಗದಲ್ಲಿಯೂ ಇರುವುದು ಸೂಕ್ತ. ಬ್ಯಾಟರಿಯನ್ನು ಹೊರಗಿನಿಂದಲೇ ತೆಗೆಯಬಹುದು.

ಮಿತಿಗಳೂ ಇವೆ. ಇದರ ಬಯಾಸ್ ಅನುಮೋದಿತವಲ್ಲದ ಬ್ಯಾಟರಿಗಳನ್ನು ಚಾರ್ಜ್ ಮಾಡಲು ನಿರಾಕರಿಸುತ್ತದೆ. ತನ್ನ ಪಟ್ಟಿಯಲ್ಲಿಲ್ಲದ ವೈಫೈ ಕಾರ್ಡನ್ನೂ ಒಪ್ಪುವುದಿಲ್ಲ. ಆದ್ದರಿಂದ ಅಗ್ಗದ ಬ್ಯಾಟರಿ ಕೊಳ್ಳುವವರು ಯಂತ್ರಕ್ಕೆ ಹಾಕಿ, ಚಾರ್ಜ್ ಏರುವುದನ್ನು ಕಣ್ಣಾರೆ ಕಂಡ ಬಳಿಕವೇ ಹಣ ಕೊಡಬೇಕು. ಪ್ರೊಸೆಸರನ್ನು ಬದಲಾಯಿಸಲು ಇದರಲ್ಲಿ ಅವಕಾಶವಿದ್ದರೂ, ಕಚೇರಿ ಕೆಲಸಕ್ಕೆ ಅದರಿಂದಾಗುವ ಲಾಭ ವೆಚ್ಚಕ್ಕೆ ತಕ್ಕುದಲ್ಲ. 500 ಜಿಬಿ ಎಸ್‌ಎಸ್‌ಡಿ, 8 ಜಿಬಿ ಮೆಮೊರಿ, ಶುಚಿಗೊಳಿಸಿದ ಫ್ಯಾನ್: ಇಷ್ಟಕ್ಕೆ ನಿಲ್ಲಿಸುವುದೇ ಜಾಣತನ.

ಬಿಡಿಭಾಗದಿಂದ ಬಗೆಹರಿಯದ ಸಮಸ್ಯೆ

ಯಂತ್ರ ಚುರುಕಾದ ಮಾತ್ರಕ್ಕೆ ಸುರಕ್ಷಿತವಾಯಿತೆಂದು ಭಾವಿಸಲಾಗದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಭದ್ರತಾ ತಿದ್ದುಪಡಿಗಳು ಬಾರದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಬೀಗ ಹಾಕದ ತಿಜೋರಿಯನ್ನು ರಸ್ತೆ ಬದಿಯಲ್ಲಿರಿಸಿದಂತೆ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಜೊತೆಗೆ ಕೆಲವು ಅಪವಾದಗಳ ಹೊರತು ಇಂಟೆಲ್‌ನ ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಪೀಳಿಗೆಯನ್ನು ಹೆಸರಿನಿಂದಲೇ ತಿಳಿಯಬಹುದು: ಐ5-3320 ಎಂದಿದ್ದರೆ ಮೂರನೆಯದು, ಐ5-8250 ಎಂದಿದ್ದರೆ ಎಂಟನೆಯದು, ಐ5-10210 ಎಂದಿದ್ದರೆ ಹತ್ತನೆಯದು. ಎಂಟನೆಯ ಪೀಳಿಗೆಯ ಯಂತ್ರ ನಿಧಾನವಾಗಿದ್ದರೆ ನಿಸ್ಸಂಕೋಚವಾಗಿ ಎಸ್‌ಎಸ್‌ಡಿ ಹಾಗೂ ಮೆಮೊರಿಗೆ ಹಣ ಹೂಡಬಹುದು. ಅದಕ್ಕಿಂತ ಹಳೆಯದಾದರೆ ದಾರಿಗಳು ಮೂರು.

1. ಸಂಸ್ಥೆಗಳಿಗಾಗಿ ಮೈಕ್ರೋಸಾಫ್ಟ್ ಪ್ರಕಟಿಸಿದ ವಿಸ್ತೃತ ಭದ್ರತಾ ಯೋಜನೆಗೆ ಹಣ ಕಟ್ಟಿ 2028ರ ಅಕ್ಟೋಬರ್‌ವರೆಗೆ ವಿಂಡೋಸ್ 10ನ್ನು ಮುಂದುವರಿಸುವುದು. ಇದರ ಶುಲ್ಕ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್ ಇದ್ದು, ವರ್ಷದಿಂದ ವರ್ಷಕ್ಕೆ ದ್ವಿಗುಣಗೊಳ್ಳುವಂತೆ ನಿಗದಿಯಾಗಿದೆ. ಹಳೆಯ ಯಂತ್ರಕ್ಕೆ ಇದು ಹೆಚ್ಚು ಕಾಲ ಗಿಟ್ಟುವ ದಾರಿಯಲ್ಲ.

2. ಉಚಿತವಾಗಿ ದೊರೆಯುವ ಲಿನಕ್ಸ್ ಅಳವಡಿಸುವುದು. ಬ್ರೌಸರ್ ಮೂಲಕ ನಡೆಯುವ ಕೆಲಸಗಳಿಗೆ, ಪತ್ರ ಹಾಗೂ ಕೋಷ್ಟಕಗಳಿಗೆ ಇದು ಸಾಕು. ಆದರೆ ಟ್ಯಾಲಿಪ್ರೈಮ್‌ನಂತಹ ತಂತ್ರಾಂಶಗಳು 64 ಬಿಟ್ ವಿಂಡೋಸ್‌ಗಾಗಿಯೇ ರಚಿತವಾದವು. ಡಿಜಿಟಲ್ ಸಹಿಯ ಟೋಕನ್, ಪ್ರಿಂಟರುಗಳು ಕೆಲಸ ಮಾಡುವುದನ್ನು ಮೊದಲೇ ಪರೀಕ್ಷಿಸಬೇಕು.

3. ಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸಿ ಒಂದೇ ಕೆಲಸಕ್ಕೆ ಮೀಸಲಿಡುವುದು. ಕಾರ್ಖಾನೆಗಳಲ್ಲಿ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಕಳುಹಿಸಲು ಸೀರಿಯಲ್ ಪೋರ್ಟ್ ಇರುವ ಹಳೆಯ ಲ್ಯಾಪ್‌ಟಾಪ್ ಬಹು ಉಪಯುಕ್ತ. ಹೊಸ ಯಂತ್ರಗಳಲ್ಲಿ ಆ ಪೋರ್ಟ್ ಕಾಣಸಿಗುವುದು ವಿರಳ.

ತೆರೆಯುವ ಮುನ್ನ ಲೆಕ್ಕಪತ್ರದ ರಕ್ಷಣೆ

ಈ ಕೆಲಸದಲ್ಲಿ ನಿಜವಾದ ಅಪಾಯವಿರುವುದು ಯಂತ್ರಕ್ಕಲ್ಲ, ಅದರೊಳಗಿನ ಲೆಕ್ಕಕ್ಕೆ. ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ಲ್ಯಾಪ್‌ಟಾಪ್ ರಿಪೇರಿಯಲ್ಲಿ ಲೆಕ್ಕ ಅಳಿಸಿಹೋಯಿತೆಂಬ ಸಬೂಬು ಅಧಿಕಾರಿಗಳ ಮುಂದೆ ನಿಲ್ಲುವಂಥದಲ್ಲ. ಆದ್ದರಿಂದ ಕೆಳಗಿನ ಕ್ರಮವನ್ನು ತಪ್ಪದೆ ಅನುಸರಿಸಬೇಕು.

ಮೊದಲಿಗೆ ಲೆಕ್ಕಪತ್ರ ಹಾಗೂ ಎಲ್ಲ ಕಡತಗಳನ್ನು ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ಆ ಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬಾರದು. ಹೊಸದಾಗಿ ವಿಂಡೋಸ್ ಅಳವಡಿಸುವುದಾದರೆ ಲೆಕ್ಕಪತ್ರ ತಂತ್ರಾಂಶದ ಪರವಾನಗಿಯನ್ನು ಮುಂಚಿತವಾಗಿ ಹಿಂದಿರುಗಿಸಿ, ಬಳಿಕ ಹೊಸದಾಗಿ ಸಕ್ರಿಯಗೊಳಿಸಿಕೊಳ್ಳಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ಮರುಪ್ರಾಪ್ತಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ. ಡಿಜಿಟಲ್ ಸಹಿಯ ಟೋಕನ್ನಿನ ಹಾಗೂ ಪ್ರಿಂಟರಿನ ತಂತ್ರಾಂಶಗಳನ್ನು ಸಂಗ್ರಹಿಸಿಕೊಳ್ಳಿ. ನಮ್ಮವರು ಮರೆಯುವ ಇನ್ನೊಂದು ಸಂಗತಿಯಿದೆ: ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕನ್ನಡ ಪತ್ರಗಳು ಆ ಶೈಲಿಗಳಿಲ್ಲದ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಆ ಅಕ್ಷರಶೈಲಿಗಳನ್ನೂ ಪ್ರತಿ ಮಾಡಿಡಿ.

ಎಲ್ಲವನ್ನೂ ಹೊಸದಾಗಿ ಅಳವಡಿಸಲು ಇಷ್ಟವಿಲ್ಲದವರು ಹಳೆಯ ಡಿಸ್ಕಿನ ತದ್ರೂಪವನ್ನು ಎಸ್‌ಎಸ್‌ಡಿಗೆ ಇಳಿಸಬಹುದು. ಯಂತ್ರ ಇದ್ದಂತೆಯೇ ಮುಂದುವರಿಯುತ್ತದೆ. ಆದರೆ ವೈರಸ್, ಕಸ ಇದ್ದರೆ ಅವೂ ಜೊತೆಗೆ ಬರುತ್ತವೆ. ಯಾವ ವಿಧಾನವಾದರೂ ತೆಗೆದ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಕೆಲವು ತಿಂಗಳವರೆಗೆ ಅದನ್ನು ಮುಟ್ಟದೆ ಕಾದಿರಿಸಿ. ಅನಂತರ ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿ ಹೆಚ್ಚುವರಿ ಪ್ರತಿಗೆ ಬಳಸಬಹುದಾದರೂ, ಹಳೆಯದಾದ ಕಾರಣ ಅದೊಂದನ್ನೇ ನೆಚ್ಚಬಾರದು. ವಿಲೇವಾರಿ ಮಾಡುವಾಗ ಕಡತ ಅಳಿಸಿದರೆ ಸಾಲದು; ಅಳಿಸಿದ ಲೆಕ್ಕವನ್ನು ಮರಳಿ ತೆಗೆಯಲು ಬರುತ್ತದೆ. ಪೂರ್ಣವಾಗಿ ಮೇಲೆ ಬರೆಯಿಸಬೇಕು, ಕೆಟ್ಟ ಡಿಸ್ಕಾದರೆ ತಟ್ಟೆಗಳನ್ನು ಹಾಳುಗೆಡವಬೇಕು. ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2022ರಂತೆ ನೋಂದಾಯಿತ ಮರುಬಳಕೆದಾರರಿಗೆ ತ್ಯಾಜ್ಯ ತಲುಪುವಂತೆ ನೋಡಿಕೊಳ್ಳುವುದು ಉಚಿತ.

ಖರೀದಿ ಮತ್ತು ವೆಚ್ಚದ ಲೆಕ್ಕ

ನಂಬಲಾರದಷ್ಟು ಅಗ್ಗದ ದರದಲ್ಲಿ ಟೆರಾಬೈಟ್‌ಗಟ್ಟಲೆ ಸಾಮರ್ಥ್ಯವೆಂದು ಮಾರಾಟವಾಗುವ ಎಸ್‌ಎಸ್‌ಡಿಗಳಲ್ಲಿ ನಕಲಿಗಳಿವೆ. ಅವು ಒಳಗಿರುವ ಅಲ್ಪ ಸಾಮರ್ಥ್ಯ ತುಂಬಿದ ಮೇಲೆ ಹಳೆಯ ಮಾಹಿತಿಯನ್ನೇ ಅಳಿಸುತ್ತ ಹೋಗುತ್ತವೆ. ಸರಣಿ ಸಂಖ್ಯೆ ಹಾಗೂ ನಿಮ್ಮ ಜಿಎಸ್‌ಟಿ ಸಂಖ್ಯೆ ನಮೂದಾದ ಬಿಲ್ಲನ್ನು ಕೇಳಿ ಪಡೆಯಿರಿ. ಖಾತರಿಗೂ ಹೂಡುವಳಿ ತೆರಿಗೆಯ ಜಮೆಗೂ ಅದೇ ಆಧಾರ. ಈ ವೆಚ್ಚವನ್ನು ದುರಸ್ತಿಯೆಂದು ತೋರಿಸಬೇಕೋ ಆಸ್ತಿಗೆ ಸೇರಿಸಬೇಕೋ ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಿ ನಿರ್ಧರಿಸಿ.

ಒಟ್ಟು ವೆಚ್ಚ, ನಿಮ್ಮ ಕೆಲಸಕ್ಕೆ ಸಾಕಾಗುವ ಹೊಸ ಲ್ಯಾಪ್‌ಟಾಪಿನ ಬೆಲೆಯ ಮೂರನೆಯ ಒಂದು ಭಾಗವನ್ನು ಮೀರಿದರೆ ಮತ್ತೊಮ್ಮೆ ಆಲೋಚಿಸುವುದು ಲೇಸು. ಮದರ್‌ಬೋರ್ಡ್ ಈಗಾಗಲೇ ಒಮ್ಮೆ ರಿಪೇರಿಯಾಗಿದ್ದರೆ, ಹಿಂಜುಗಳು ಮುರಿದಿದ್ದರೆ, ಮೆಮೊರಿ ಮತ್ತು ಡಿಸ್ಕ್ ಎರಡನ್ನೂ ಬೋರ್ಡಿಗೆ ಬೆಸುಗೆ ಹಾಕಿದ್ದರೆ ಆ ಯಂತ್ರಕ್ಕೆ ಹಣ ಹಾಕದಿರುವುದೇ ಉಳಿತಾಯ.

ಸಾರಾಂಶವಾಗಿ ಹೇಳುವುದಾದರೆ, ಮೊದಲು ತೊಡಕನ್ನು ಗುರುತಿಸಿ, ಪ್ರೊಸೆಸರಿನ ಪೀಳಿಗೆಯನ್ನು ನೋಡಿ, ಲೆಕ್ಕದ ಪ್ರತಿ ತೆಗೆದು ಪರೀಕ್ಷಿಸಿ, ಬಳಿಕ ಡಿಸ್ಕ್, ಅದರ ನಂತರ ಮೆಮೊರಿ, ಅಗತ್ಯವಿದ್ದರೆ ಬ್ಯಾಟರಿ ಬದಲಾಯಿಸಿ, ಅಲ್ಲಿಗೆ ನಿಲ್ಲಿಸಿ. ವರ್ಷಾಂತ್ಯದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ, ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕದೆ, ವ್ಯಾಪಾರ ಬಿಡುವಾಗಿರುವ ವಾರವನ್ನು ಆರಿಸಿಕೊಂಡರೆ ಸದಸ್ಯರಿಗೆ ಹಣವೂ ಉಳಿಯುವುದು, ನೆಮ್ಮದಿಯೂ ಉಳಿಯುವುದು.